ಒಳಗೆ ಬಿಟ್ಟ ಬಟ್ಟೆ

ರಾತ್ರಿ ಹತ್ತಕ್ಕೆ ಲೆಕ್ಕಕ್ಕೆ ಕೂತೆವು.
ಹಾಳೆ ಸಿಗಲಿಲ್ಲ. ಕತ್ತರಿಗೆ ಮಿಕ್ಕ ಜೀನ್ಸ್ ತುಂಡಿನ ಮೇಲೆ
ಗುರುತು ಹಾಕುವ ಸೀಮೆಸುಣ್ಣದಿಂದಲೇ ಬರೆದೆ:
ಪೋಸ್ಟಾಫೀಸಿನದು ಒಂದು ಎಂಬತ್ತು,
ಚೀಟಿ ಎತ್ತಿದ್ದು ಎರಡು,
ಬ್ಯಾಂಕಿನಲ್ಲಿ ತೊಂಬತ್ತು ಸಾವಿರ,
ಹಿಟ್ಟಿನ ಡಬ್ಬಿಯ ತಳದಲ್ಲಿ ಐವತ್ತು.
ಅದೊಂದು ಇದೆಯೆಂದು
ಗಾದಿಲಿಂಗನಿಗೆ ಗೊತ್ತಾದದ್ದೇ ಆಗ.
ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದ.
ಬೈಯಲಿಲ್ಲ. ನಗಲೂ ಇಲ್ಲ.

ಒಟ್ಟು ಐದು ಲಕ್ಷ ಇಪ್ಪತ್ತು ಸಾವಿರ.
ಹನ್ನೊಂದು ವರ್ಷ.
ಎಷ್ಟು ಜೇಬು ಹೊಲಿದಿರಬಹುದೆಂದು
ಮಗಳು ಗುಣಿಸಲು ಹೊರಟಳು, ಬೇಡವೆಂದೆ.
ಆ ಜೇಬುಗಳಲ್ಲಿ ಯಾರ್ಯಾರೋ
ಕೈ ಇಟ್ಟುಕೊಂಡು ತಿರುಗುತ್ತಿದ್ದಾರೆ,
ಲೆಕ್ಕ ಅವರ ಹತ್ತಿರವೇ ಇರಲಿ.

ಮನೆ ಅಲ್ಲೀಪುರದ ಆಚೆ. ಹದಿನಾಲ್ಕು ಲಕ್ಷ.
ಎರಡು ಕೋಣೆ, ಒಂದು ಅಡುಗೆಮನೆ.
ಮಾಳಿಗೆ ಹತ್ತಿದರೆ ಬಳ್ಳಾರಿಯ ಗುಡ್ಡ
ಬಿಸಿಲಿಗೆ ಬೆನ್ನು ಕೊಟ್ಟು ಕೂತ ಆಳಿನ ಹಾಗೆ.
ನೋಡಿ ಬಂದ ದಿನ ನಾನು ಕಿಟಕಿ ಎಣಿಸಿದೆ,
ಅವನು ಗೋಡೆ ತಟ್ಟಿದ,
ಮಗಳು ನಲ್ಲಿ ತಿರುವಿದಳು. ಗಾಳಿ ಬಂತು.

'ಎಲ್ಲಾ ಕಟ್ಟಿಬಿಡಾನ,' ಅಂದ,
'ಸಾಲ ಎಷ್ಟು ಸಣ್ಣದೋ ನಿದ್ದೆ ಅಷ್ಟು ದೊಡ್ಡದು.'
ಗೂಡ್ಸ್ ಆಟೋದ ಕೊನೆಯ ಕಂತು ಕಟ್ಟಿದ ದಿನ
ರಸೀದಿಗೆ ಕುಂಕುಮ ಹಚ್ಚಿದವನು ಅವನು.

ನೋಂದಣಿಗೆ ನಲವತ್ತು ಸಾವಿರ ಹೋಗಲಿ,
ಮಿಕ್ಕದ್ದೆಲ್ಲ ಸುರಿದರೆ ಕಂತು ಎಂಟು ಸಾವಿರದ ಚಿಲ್ಲರೆ.
ನಾನು ಕೇಳಿದ ಹಾಗೆ ಒಂದೂವರೆ ಲಕ್ಷ ತಡೆದರೆ
ತಿಂಗಳಿಗೆ ಸಾವಿರದ ಮುನ್ನೂರು ಹೆಚ್ಚು,
ಇಪ್ಪತ್ತು ವರ್ಷ.
'ಮೂರು ಲಕ್ಷದ ಮ್ಯಾಲೆ ಆಗ್ತದ!
ಒಂದೂವರೆ ಉಳಿಸಾಕ ಮೂರು ಕೊಡಾದಾ?'
ಲೆಕ್ಕ ಸರಿ ಇತ್ತು.
ಸರಿ ಇರುವ ಲೆಕ್ಕದ ಎದುರು ಏನು ಹೇಳುವುದು?

ಕಿವಿಯೋಲೆ ಬಿಚ್ಚಿ ಅವನ ಅಂಗೈಗೆ ಹಾಕಿದೆ.
ಬಟ್ಟೆ ತೊಳೆಯುವ ಘಟಕಕ್ಕೆ ಬೀಗ ಬಿದ್ದ ಆಷಾಢ,
ನಲವತ್ತು ದಿನ ಹೊಲಿಯಲು ಒಂದೂ ಪ್ಯಾಂಟು ಬರದೆ
ಬೆಂಗಳೂರು ರಸ್ತೆಯ ಗಿರವಿ ಅಂಗಡಿಯಲ್ಲಿ ಮಲಗಿದ್ದವು ಇವು.
ಬಿಡಿಸಿಕೊಂಡು ಬಂದಾಗ ಓಲೆ ನನ್ನವೇ,
ಎಡಗಿವಿಯ ತಿರುಪು ಮಾತ್ರ ಬೇರೆ ಯಾರದೋ.
ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.
ನನ್ನದು ಯಾವ ಹೆಂಗಸಿನ ಕಿವಿಯಲ್ಲಿ ಅಲುಗಾಡುತ್ತಿದೆಯೋ.

ಆಮೇಲೆ ಮೊಳೆಗೆ ನೇತುಹಾಕಿದ್ದ ಅವನ ಪ್ಯಾಂಟು ಎಳೆದು
ಒಳಮಗ್ಗಲು ತಿರುವಿದೆ.
'ನೋಡು, ಹಿಂದಿನ ಹೊಲಿಗ್ಯಾಗ ಎರಡು ಬೆರಳು ಬಿಟ್ಟೀನಿ.
ಯಾರಿಗೂ ಕಾಣಲ್ಲ.
ಹೊಟ್ಟೆ ಬಂದ್ರ ಬಿಚ್ಚಿ ಸಡಿಲ ಮಾಡಬೋದು.
ಬಟ್ಟೆ ಉಳಿಸಾಕ ಅಂಚಿಗೇ ಹೊಲಿದದ್ದು
ಅಂಗಡ್ಯಾಗ ಚೆಂದ. ಕುಂತ್ರ ಹರೀತೈತೆ.'

ಸುಮ್ಮನಾದ. ಒಪ್ಪಿದ ಅಂತಲ್ಲ.
ಎದ್ದು ನೀರು ಕುಡಿದು ಬಂದು
ಒಂದೂವರೆ ಅಳಿಸಿ ಒಂದು ಇಪ್ಪತ್ತು ಎಂದು ಬರೆದ.
ಅದನ್ನು ಅಳಿಸಿ ನಾನು ಒಂದು ನಲವತ್ತು ಮಾಡಿದೆ.
ಬದನೆಕಾಯಿಗೆ ಚೌಕಾಸಿ ಮಾಡಿದ ಹಾಗೆ
ಒಂದು ಮೂವತ್ತೈದಕ್ಕೆ ನಿಂತಿತು.
ಆ ಐದು ಯಾಕೆ ಅಂದರೆ ಇಬ್ಬರಿಗೂ ಗೊತ್ತಿಲ್ಲ.

ಈ ವರ್ಷ ಕಿಟಕಿಗೆ ಬಣ್ಣವಿಲ್ಲ,
ಅಡುಗೆಮನೆಯ ಕಪಾಟಿಗೆ ಬಾಗಿಲಿಲ್ಲ,
ಹಳೆಯ ಜೀನ್ಸಿನದೇ ಪರದೆ.
ನಿದ್ದೆಗಣ್ಣಲ್ಲಿ ಮಗಳು ಕೇಳಿದಳು:
'ನಲ್ಲಿಯಾಗ ನೀರು ಬರ್ತಾವ?'
ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೆಳಿಗ್ಗೆ ಆ ತುಂಡನ್ನು ಮಡಚಿ
ಜೇಬಿಗಿಟ್ಟುಕೊಂಡು ಬ್ಯಾಂಕಿಗೆ ಹೋದ.
ಮೇಜಿನ ಮೇಲೆ ಬಿಡಿಸುವ ಹೊತ್ತಿಗೆ
ಬಿಳಿ ಪುಡಿ ಉದುರಿ, ಅಂಕಿ ಅರ್ಧಂಬರ್ಧವಂತೆ.
ಮ್ಯಾನೇಜರು ನಕ್ಕರಂತೆ.
'ಕೊನೀಗೆ ಎಷ್ಟು ತಡೆದಿ?' ಕೇಳಿದೆ.
ಆಟೋಕ್ಕೆ ಕೀಲಿ ತಿರುವುತ್ತಾ, ನನ್ನ ಕಡೆ ನೋಡದೆ ಅಂದ:
'ಒಂದು ನಲವತ್ತು.
ಸೀಮೆಸುಣ್ಣ ಅಳಿಸಿತ್ತು.'