ಕೈ ಎಣಿಸುವ ಕೆಲಸ

ಬೀರೂರು ಪುರಸಭೆಯಲ್ಲಿ ನನ್ನದು
ಎದ್ದ ಕೈ ಎಣಿಸುವ ಕೆಲಸ.
ಎದ್ದವು ಎಷ್ಟು, ಬರೆ.
ಏಳದವು ಎಷ್ಟು, ಕಳೆದು ತಿಳಿ.
ಮೇಜಿನ ಕೆಳಗಿದ್ದ ಕೈ ಏನು ಮಾಡುತ್ತಿತ್ತು
ಎಂದು ಬರೆಯುವ ಕಾಲಂ
ನಡಾವಳಿ ಪುಸ್ತಕದಲ್ಲಿಲ್ಲ.

ಆ ಸಲ ಬಂದದ್ದು ಹನ್ನೊಂದು, ಹನ್ನೊಂದು.
ನಡುವೆ ಒಂದು ಹೊಲಿಗೆ ಯಂತ್ರ:
ಹದಿನೇಳನೇ ವಾರ್ಡಿನ ಪಕ್ಷೇತರ ಖಾತೂನ್‌ಬಿ,
ಪಿಂಜಾರರ ಓಣಿ, ಹಳಿಯ ಆಚೆ,
ನಲವತ್ತು ಮತದಲ್ಲಿ ಗೆದ್ದವಳು.
ಅವಳಪ್ಪ ಬುಡನ್ ಸಾಬಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವನು.
ಕಬ್ಬಿಣದ ನಾಲಿಗೆ ನಾಲ್ಕು ಬೆರಳು ಅತ್ತ ಸರಿದರೆ ಶಿವಮೊಗ್ಗ,
ಇತ್ತ ಸರಿದರೆ ಹುಬ್ಬಳ್ಳಿ,
ಹದಿನೆಂಟು ಬೋಗಿಯಲ್ಲಿ ಮಲಗಿದವರಿಗೆ
ಗೊತ್ತೇ ಆಗುವುದಿಲ್ಲ ಎನ್ನುತ್ತಿದ್ದನಂತೆ.

ಒಂದೇ ರಾತ್ರಿ ಅವಳ ಮನೆಗೆ ಎರಡು ಜೊತೆ ಚಪ್ಪಲಿ:
ಮುಂಬಾಗಿಲಲ್ಲಿ ಕೊಬ್ಬರಿ ಮಂಡಿಯ ಮರುಳಸಿದ್ದಪ್ಪನವರದು,
ಹಿತ್ತಿಲಲ್ಲಿ ಕಂಟ್ರಾಕ್ಟರ್ ಓಂಕಾರನಾಯ್ಕರದು.
ಇಬ್ಬರಿಗೂ ಅವಳು ಕೇಳಿದ್ದು ಒಂದೇ,
ಹಳಿ ದಾಟಿ ಬರುವ ನೀರಿನ ಪೈಪು.
ಇಬ್ಬರೂ ಅಂದರು: ಅಷ್ಟೇನಾ ತಾಯಿ!

ಪೈಪು ಬರಲಿಲ್ಲ.
ಯಾರು ಏನು ತಂದರೂ ಅವಳ ಕೈ
ಎದುರು ಸಾಲಿನ ಜೊತೆ ಎದ್ದಿತು.
ಇಬ್ಬರು ಅಧ್ಯಕ್ಷರು ರಾಜೀನಾಮೆ ಬರೆದರು,
ಏಳು ತಿಂಗಳು ಬೀದಿದೀಪದ ಟೆಂಡರು ಕಡತದಲ್ಲೇ ಮಲಗಿತು.
ಸಂತೆ ಮೈದಾನದ ಕತ್ತಲಲ್ಲಿ ಎಡವಿ
ನನ್ನ ಹೆಂಡತಿ ಕಾಲು ಮುರಿದುಕೊಂಡಳು.
ಇಪ್ಪತ್ತೆರಡು ಜನರನ್ನು ಒಬ್ಬಳು ಕುಣಿಸುವುದು
ಯಾವ ಸೀಮೆಯ ಪ್ರಜಾಪ್ರಭುತ್ವ ಎಂದು ಊರು ಬೈಯಿತು.
ನಾನೂ ಬೈದೆ. ಸುಳ್ಳು ಯಾಕೆ ಹೇಳಲಿ,
ಪ್ಲಾಸ್ಟರ್ ಹಾಕಿದ ಕಾಲು ನೋಡುತ್ತ
ಅವಳ ಹೆಸರೆತ್ತಿ, ಓಣಿಯ ಹೆಸರೆತ್ತಿ,
ಎತ್ತಬಾರದ್ದನ್ನೂ ಎತ್ತಿ ಬೈದೆ.

ಆಮೇಲೆ ಆರನೇ ವಾರ್ಡಿನವರು ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡರು.
ಉಪಚುನಾವಣೆ. ಹನ್ನೆರಡು, ಹತ್ತು.
ಲೆಕ್ಕ ಬಗೆಹರಿಯಿತು.
ಅವಳ ಹೊಸ್ತಿಲಲ್ಲಿ ಅವಳ ಚಪ್ಪಲಿ ಮಾತ್ರ ಉಳಿಯಿತು.

ಪೈಪು ಮೂರನೇ ವಿಷಯದಿಂದ ಹದಿನೆಂಟಕ್ಕೆ ಇಳಿಯಿತು,
ಹದಿನೆಂಟರಿಂದ 'ಇತರೆ'ಗೆ.
'ಇತರೆ' ಬರುವ ಹೊತ್ತಿಗೆ ಬೋಂಡ ಬರುತ್ತದೆ,
ಬೋಂಡದ ಜೊತೆ ಸಭೆ ಮುಗಿಯುತ್ತದೆ.
ಒಂದು ದಿನ ಪೈಪಿನ ದುಡ್ಡು ಸ್ವಾಗತ ಕಮಾನಿಗೆ ಹೋಯಿತು.
ಕಮಾನಿನ ಎಡಗಂಬಕ್ಕೆ ಇವರ ಹೆಸರು, ಬಲಗಂಬಕ್ಕೆ ಅವರದು.
ಅವಳು ಎದ್ದು ನಿಂತಾಗ
ಹನ್ನೆರಡು ಬಾಯಿ ಮೆಲ್ಲುತ್ತಿದ್ದವು.
ಹತ್ತು ಬಾಯಿಯೂ.

ಪುಸ್ತಕದಲ್ಲಿ ಏನು ಬರೀತೀರಿ, ನನ್ನನ್ನು ಕೇಳಿದಳು.
ಮಾಮೂಲಿ, ಎಂದೆ. 'ಸರ್ವಾನುಮತದಿಂದ'.
ಸರ್ವ ಅಂದರೆ?
ಎಲ್ಲರೂ.
ಎಣಿಸಿ, ಎಂದಳು.

ಎಣಿಸಿದೆ.
ಸೂಜಿ ಚುಚ್ಚಿ ಚುಚ್ಚಿ ತುದಿ ಒರಟಾದ ಬೆರಳುಗಳು
ಮೇಜಿನ ಮೇಲೆ ಕವುಚಿಕೊಂಡಿದ್ದವು, ಎಲ್ಲರಿಗೂ ಕಾಣುವಂತೆ.
'ಬಹುಮತದಿಂದ' ಎಂದು ಬರೆದೆ.
ಅದರ ಕೆಳಗೆ: ಹದಿನೇಳನೇ ವಾರ್ಡಿನ ಸದಸ್ಯರ ವಿರೋಧವಿದೆ.
ಮುಖ್ಯಾಧಿಕಾರಿ ಕನ್ನಡಕ ಏರಿಸಿ ನೋಡಿ,
ಶಾಯಿ ದಂಡ ಕಣಯ್ಯ, ಎಂದರು.

ಈಗ ಸಂತೆ ಮೈದಾನದಲ್ಲಿ ದೀಪ ಉರಿಯುತ್ತದೆ.
ಕುಂಟುತ್ತ ಬಂದ ನನ್ನ ಹೆಂಡತಿ
ಆ ಬೆಳಕಲ್ಲೇ ಬದನೆಕಾಯಿಯ ಹುಳುಕು ನೋಡುತ್ತಾಳೆ.
ಹಳಿಯ ಈಚೆ ಕೊಡ ತುಂಬಿಕೊಂಡ ಹೆಂಗಸರು
ಗೇಟು ತೆರೆಯಲೆಂದು ನಿಂತಿರುತ್ತಾರೆ,
ಇಂಟರ್‌ಸಿಟಿ ಹೋಗುವ ತನಕ.
ಇಪ್ಪತ್ತೆರಡರ ಮೇಲೆ ಒಬ್ಬಳು, ತಪ್ಪು.
ಒಬ್ಬಳ ಮೇಲೆ ಇಪ್ಪತ್ತೆರಡು?
ಲೆಕ್ಕದ ಮೇಷ್ಟರ ಮಗ ನಾನು,
ಇದೊಂದು ಶೇಷ ಉಳಿದೇ ಇದೆ.

ನೂರಾ ಹನ್ನೆರಡನೇ ಪುಟದಲ್ಲಿ ಆ ಸಾಲು ಹಾಗೇ ಇದೆ.
ಯಾರೂ ಓದಿಲ್ಲ.
ಹೊಡೆದೂ ಹಾಕಿಲ್ಲ.