ತಲೆಕೆಳಗಾದ ಸಾಲು

ಡೋನ್ಯ ತಿರ್ಸಾ ಬಂದದ್ದು ಹೇಸರಗತ್ತೆಯ ಮೇಲೆ.
ಮಡಿಸುವ ಸ್ಟೂಲು, ಮೂರು ಕಾಲಿನ ಹಲಗೆ,
ಹೊರಗೆ ಹಸಿರು ಒಳಗೆ ಬಿಳಿಯ ಒಂದು ಛತ್ರಿ.
ಊರು ಕಾರ್ನ್‌ವಾಲಂತೆ. ಅಲ್ಲಿ ಬಿಸಿಲೆಂದರೆ
ಮದುವೆಗೆ ಬಂದು ಉಣ್ಣದೆ ಹೋಗುವ ನೆಂಟ.

ಅಪ್ಪ ಗ್ರನಾಡದ ಕೆಂಪುಕೋಟೆಯ ಕಾವಲುಗಾರ.
ಬೀಗದ ಗೊಂಚಲು ಅವನದು, ಕಸಬರಿಕೆ ನನ್ನದು.
ದಿನಕ್ಕೆರಡು ರೆಯಾಲ್ ಕೊಟ್ಟು ಆಕೆ
ನನ್ನ ನೆರಳನ್ನೂ ಬಾಡಿಗೆಗೆ ಹಿಡಿದಳು:
ಛತ್ರಿ ಹಿಡಿ, ನೀರು ಬದಲಿಸು,
ಆಂಗುಸ್ತಿಯಾಸ್, ಅಲ್ಲಿ ನಿಲ್ಲು.

ಅಂಗಳದಲ್ಲಿ ಆಗ ಏನೇನಿತ್ತು, ನಾನು ಬಲ್ಲೆ.
ಕಮಾನಿನಿಂದ ಕಮಾನಿಗೆ ಕಟ್ಟಿದ ಹಗ್ಗ,
ಅದರ ಮೇಲೆ ಅಜ್ಜಿಯ ಲಂಗ, ಅಪ್ಪನ ಹರಕು ಚೊಣ್ಣ,
ಜೇನುಗೂಡಿನಂಥ ಸುಣ್ಣದ ಕೆತ್ತನೆಯೊಳಗೆ
ನಿಜವಾಗಿಯೂ ಗೂಡು ಕಟ್ಟಿದ ಕಣಜ,
ಒಲೆಯ ಹೊಗೆಗೆ ಕಪ್ಪಿಟ್ಟ ನೀಲಿ ಹೆಂಚು,
ಬತ್ತಿದ ಕಾರಂಜಿಗೆ ಬಿಗಿದ ಎರಡು ಆಡು.
ಆಕೆಯ ಚಿತ್ರದಲ್ಲಿ ಒಂದೂ ಉಳಿಯಲಿಲ್ಲ.
ಕುಂಚ ಒದ್ದೆಯಾಗುವ ಮೊದಲೇ ಕಣ್ಣು ಗುಡಿಸಿತ್ತು,
ನಾನು ಹುಟ್ಟಾ ಗುಡಿಸಿದರೂ ಆಗದ ಹಾಗೆ.

"ಅಂಗಳ ಯಾಕೆ ಖಾಲಿ?" ಎಂದೆ.
"ಖಾಲಿ ಅಲ್ಲ, ಅರಮನೆ" ಎಂದಳು.

ಆಮೇಲೆ ಅರಮನೆಗೆ ಜನ ಬೇಕೆನಿಸಿತು.
ಪೆಟ್ಟಿಗೆಯಿಂದೆದ್ದಿತು ಹಳದಿ ರೇಷ್ಮೆ, ಜರಿಯ ನಡುಕಟ್ಟು,
ಲಂಡನ್ನಿನ ನಾಟಕದಂಗಡಿಯ ಕಮಟು ಹೊತ್ತು.
ಶಿಲುಬೆಯ ಸರ ತೆಗೆದಿಡು ಎಂದಳು. ತೆಗೆದೆ.
ಕತ್ತಿನ ಮೇಲೆ ಅದರ ಬಿಳಿ ಗೆರೆ ಉಳಿಯಿತು;
ಚಿತ್ರದಲ್ಲಿ ಅದಕ್ಕೂ ಬಣ್ಣ ಬಿತ್ತು.
ದಿಂಬಿಗೊರಗಿ, ಯಾರನ್ನೂ ಕಾಯದೆ ಕಾಯುವ ಹಾಗೆ
ಕೂರಬೇಕು. ಕಸ ಹೊಡೆಯುವುದೇ ಎಷ್ಟೋ ವಾಸಿ.
ಒಳಗೆ ಒಲೆಯ ಮೇಲೆ ಕಡಲೆ ಸೀಯುತ್ತಿತ್ತು.
"ಹಾಗೇ ಇರು, ಮುಖದ ಆ ಸಂಕಟ ಚೆನ್ನಾಗಿದೆ."
ಸಂಕಟವೆಂದೇ, ಡೋನ್ಯ, ನನಗೆ ಹೆಸರಿಟ್ಟದ್ದು.

ಬೈಯುತ್ತಿಲ್ಲ ನಾನು. ಗಾಳಿ ಸತ್ತ ಒಂದು ಮಧ್ಯಾಹ್ನ
ಕುಂಚ ತೊಳೆಯುತ್ತ ಆಕೆಯೇ ಹೇಳಿದಳು:
ಅವರೂರಿನ ಚಿತ್ರಶಾಲೆಯಲ್ಲಿ
ಮೈ ನೋಡಿ ಬರೆಯುವ ಕೋಣೆಗೆ ಹೆಂಗಸರನ್ನು ಬಿಡರಂತೆ.
ಕಂಬ ಬರೆ, ಹೂಕುಂಡ ಬರೆ ಎಂದರಂತೆ.
"ಅದಕ್ಕೇ ಕಲ್ಲನ್ನು ಮೈಯ ಹಾಗೆ ನೋಡಲು ಕಲಿತೆ."
ಅವತ್ತು ನೋಡಿದೆ. ಕಂಬಗಳ ತೆಳ್ಳನೆ ಮೀನಖಂಡ,
ಬಿಸಿಲು ಜಾರುವ ಬೆನ್ನು,
ಕಮಾನಿನ ಕಂಕುಳಲ್ಲಿ ಬೆವರಿನಂಥ ಕತ್ತಲೆ.
ಹುಟ್ಟಿದಂದಿನಿಂದ ಒರೆಸಿದ್ದೆ; ನೋಡಿರಲಿಲ್ಲ.

ಗೋಡೆಯ ಬರಹವನ್ನಂತೂ ಭಕ್ತಿಯಿಂದ ಬರೆದಳು.
ಓದಲು ಬಾರದ ಅಕ್ಷರ. ಬಳ್ಳಿ ಹಿಡಿದು ಹೋದ ಹಾಗೆ
ಕೊಂಕು ಬಿಡದೆ, ಚುಕ್ಕಿ ಬಿಡದೆ, ಹನ್ನೊಂದು ದಿನ.

ಹನ್ನೆರಡನೆಯ ದಿನ ಬಂದ ತೆತುವಾನಿನ ಮುಫದ್ದಲ್,
ಹೆಗಲ ತುಂಬ ಹಳದಿ ಚಪ್ಪಲಿಗಳ ಮಾಲೆ.
ಕೊನೆಗೂ ಒಬ್ಬ ಮೂರ್! ಕೂರಿಸಿದಳು, ಹುಕ್ಕಾ ಹಿಡಿಸಿದಳು.
"ಎದೆರೋಗ, ತಾಯಿ, ಸೇದುವುದಿಲ್ಲ."
ಹೋಗಲಿ, ಹಿಡಿದುಕೊಂಡಿರು.
ಹಿಡಿದುಕೊಂಡೇ ಚಿತ್ರ ನೋಡಿದ, ಗೋಡೆ ನೋಡಿದ,
ಕತ್ತು ವಾಲಿಸಿದ, ಇನ್ನೂ ವಾಲಿಸಿದ,
ಮುಂಡಾಸು ಬೀಳುವಷ್ಟು ವಾಲಿಸಿ ನಕ್ಕ:
"ಈ ಸಾಲು ತಲೆಕೆಳಗಾಗಿದೆ."

ಗಾರೆಯ ಫುಲ್ಹೆನ್ಸಿಯೊ, ನನ್ನ ಸೋದರಮಾವ,
ಬಿದ್ದ ತುಂಡನ್ನು ಹೋದ ಚಳಿಗಾಲ ಮೆತ್ತಿದ್ದ.
ಮೇಲು ಯಾವುದು ಕೆಳಗು ಯಾವುದು ಎಂದು ಹೇಳಬೇಕಾದವರನ್ನು
ಹಡಗು ಹತ್ತಿಸಿ ಕಳಿಸಿ ನೂರಾರು ವರ್ಷವಾಗಿತ್ತು.

"ಏನೆಂದಿದೆ?" ಡೋನ್ಯ ಕೇಳಿದಳು, ಮೊದಲ ಸಲ.
"ಅಂಗಡಿ ಲೆಕ್ಕದಷ್ಟು ಓದು ನನ್ನದು. ದೇವರ ಹೆಸರಿದೆ.
ಉಳಿದದ್ದಕ್ಕೆ ಕತ್ತು ನೋಯುತ್ತದೆ."

ಹೆರೆಯುವ ಚಾಕು ಕೈಗೆತ್ತಿಕೊಂಡಳು. ಬಹಳ ಹೊತ್ತು.
ಕೆಳಗಿಟ್ಟಳು. "ಕಂಡದ್ದನ್ನೇ ಬರೆದಿದ್ದೇನೆ"
ಎಂದಳು, ನಮಗಲ್ಲ.

ಚಿತ್ರ ಹಡಗು ಹತ್ತಿತು. ಯಾರದೋ ಊಟದ ಮನೆಯಲ್ಲಿ
ನಾನೀಗ ರೇಷ್ಮೆಯುಟ್ಟು ಒರಗಿರಬೇಕು,
ಆಡಿಲ್ಲ, ಹೊಗೆಯಿಲ್ಲ, ಲಂಗದ ನೀರು ತೊಟ್ಟಿಕ್ಕದ ನೆಲ.
ತಲೆಯ ಮೇಲೆ ಮಾವನ ತಪ್ಪು, ಚುಕ್ಕಿ ಸಮೇತ:
ಇಡೀ ಅರಮನೆಯಲ್ಲಿ
ನಮ್ಮದೆಂದು ಹೇಳಬಹುದಾದ್ದು ಅದೊಂದೇ.

ಅಂದು ಸಂಜೆ ಸರ ಕೊರಳಿಗೆ ಹಾಕಿಕೊಂಡು
ತಳ ಹಿಡಿದ ಕಡಲೆಯ ಪಾತ್ರೆ ಉಜ್ಜಿದೆ,
ಮರಳು ಹಾಕಿ, ಬೂದಿ ಹಾಕಿ. ಹೋಗಲಿಲ್ಲ.