ಸೀರೀಸ್ ಬಲ್ಬು

ಅರಸೀಕೆರೆ, ಸ್ಟೇಷನ್ ರಸ್ತೆ, ಸೈಕಲ್ ಸ್ಟ್ಯಾಂಡಿನ ಪಕ್ಕ
ಎಂಟಡಿಗೆ ಹತ್ತಡಿ ನನ್ನ ಅಂಗಡಿ.
ಇರೋದು ಒಂದೇ ಬೆಂಚು. ಅದರ ಮೇಲೆ ಕೂತವರೆಲ್ಲ
ಏಳುವ ತನಕ ಇಂಜಿನಿಯರು.

"ಮೂರು ಸ್ಪೀಡ್ ಯಾಕಿಟ್ಟ ಹೇಳು ಆ ಪುಣ್ಯಾತ್ಮ?
ಒಂದರಲ್ಲಿ ರುಬ್ಬಿದವರನ್ನ ನಾನಂತೂ ಕಂಡಿಲ್ಲ"
ಅಂತಾರೆ ಕೊಬ್ಬರಿ ಮಂಡಿಯ ತೋಪಣ್ಣ.
"ವೈರು ಮೊಳದುದ್ದ, ಪ್ಲಗ್ಗು ಮಾರು ದೂರ,
ಮಾಡಿದವನು ಯಾವತ್ತಾದರೂ ಅಡುಗೆಮನೆ ಹೊಕ್ಕಿದ್ದನಾ?"
ಜಾರು ತಬ್ಬಿಕೊಂಡು ಕೂತ ಸಿದ್ದಗಂಗಮ್ಮ ಕೇಳ್ತಾಳೆ.
ನಾನು ಹೂಂ ಅಂತೀನಿ.
ಬಾಯಲ್ಲಿ ಸ್ಕ್ರೂ ಕಚ್ಚಿರ್ತೀನಿ, ಹೂಂ ಅಷ್ಟೇ ಸಾಧ್ಯ.

ಲೋಕದ ಸ್ಕ್ರೂಗಳೆಲ್ಲ ಎಡಕ್ಕೆ ತಿರುಗಿಸಿದರೆ ಸಡಿಲ.
ಈ ಮಿಕ್ಸಿಯ ಕಪ್ಲರು ಮಾತ್ರ ಉಲ್ಟಾ,
ಓಡಿದಷ್ಟೂ ತನಗೆ ತಾನೇ ಬಿಗಿಯಾಗಲಿ ಅಂತ.
ಮನೆಯಲ್ಲೇ ಬಿಚ್ಚಲು ಹೋದ ಗಂಡಸರು
ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬರ್ತಾರೆ,
"ಹೀಗೇ ಬಂತು ನೋಡಿ" ಅಂತಾರೆ.
ಅದರ ಹಲ್ಲು ರಬ್ಬರಿನದು. ಒಣ ಕೊಬ್ಬರಿ ಸಿಕ್ಕಿಕೊಂಡಾಗ
ಮೊದಲು ಅದು ಮುರಿಯಬೇಕು, ಮೋಟರು ಉಳಿಯಬೇಕು.
"ಎಷ್ಟು ದೊಡ್ಡ ಮಾತು ಫರ್ಜಾನಾ!
ಇದನ್ನ ಗೋಡೆ ಮೇಲೆ ಬರೆಸು" ಅಂದರು ತೋಪಣ್ಣ.
ಇಪ್ಪತ್ತೈದು ರೂಪಾಯಿ ಅಂದೆ. ಹೊಸದಕ್ಕೆ.

ಮೊನ್ನೆ ಬಂದವರು ಷಡಕ್ಷರಯ್ಯ ಮೇಷ್ಟ್ರು.
ಫಿಸಿಕ್ಸು. ಸೆಕೆಂಡ್ ಪಿಯುಸಿಯಲ್ಲಿ
ನನಗೆ ಹದಿನೆಂಟು ಅಂಕ ಕೊಟ್ಟವರು, ಎಪ್ಪತ್ತಕ್ಕೆ.
ಗುರುತು ಸಿಗಲಿಲ್ಲ ಅವರಿಗೆ. ನಾನೂ ಹೇಳಲಿಲ್ಲ.
ಚೀಲದಿಂದ ಮಿಕ್ಸಿ ತೆಗೆದು ಬೆಂಚಿನ ಮೇಲಿಟ್ಟು
ಆರ್ಮೇಚರು, ಕಾರ್ಬನ್ ಬ್ರಷ್ಷು, ಬ್ಯಾಕ್ ಇಎಂಎಫ್,
ಏನೇನು ಕೆಟ್ಟಿರಬಹುದೆಂದು ಒಂದೊಂದೇ ಹೇಳಿದರು.
ಸಿದ್ದಗಂಗಮ್ಮ ಕೈ ಮುಗಿಯೋದೊಂದು ಬಾಕಿ.

ಮಗುಚಿದೆ. ಅಡಿಯಲ್ಲಿ ಕೆಂಪು ಬಟನ್ನು
ನಾಲಗೆ ಚಾಚಿ ಹೊರಬಂದಿತ್ತು.
ಲೋಡು ಜಾಸ್ತಿಯಾದರೆ ಹಾಗೆ. ಒತ್ತಿದರೆ ಮುಗಿಯಿತು.
ಬೆಂಚಿಗೆ ಬೆನ್ನು ಮಾಡಿ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದೆ,
ಬೇಕಿಲ್ಲದ ಮೂರು ಸ್ಕ್ರೂ ಬಿಚ್ಚಿ, ಧೂಳು ಊದಿ, ಮತ್ತೆ ಹಾಕಿದೆ.

"ಏನಾಗಿತ್ತಮ್ಮ?"
"ಲೂಸ್ ಕನೆಕ್ಷನ್, ಸಾರ್."

ಅಷ್ಟರಲ್ಲಿ ಅವರ ಕಣ್ಣು ಬಲ್ಬಿನ ಮೇಲೆ ಹೋಯಿತು.
ಅಬ್ಬಾ ಕಟ್ಟಿದ್ದು, ಇನ್ನೂರು ವಾಟಿನ ಗುಂಡು ಬಲ್ಬು.
ಯಾವ ಮಿಕ್ಸಿಯಾದರೂ ಮೊದಲು ಇದರ ಹಿಂದೆ ನಿಲ್ಲಬೇಕು:
ಪೂರ್ತಿ ಉರಿದರೆ ಶಾರ್ಟು, ಉರಿಯದಿದ್ದರೆ ಎಲ್ಲೋ ತುಂಡು,
ಒಂದೆಳೆ ಮಂಕಾಗಿ ಉರಿದರೆ ಕ್ಷೇಮ.
ಆ ಒಂದೆಳೆ ಕಾಣಲು ನನ್ನ ಕಣ್ಣಿಗೆ ಆರು ವರ್ಷ ಹಿಡಿಯಿತು.

"ಇಪ್ಪತ್ತೆಂಟು ವರ್ಷ ಬೋರ್ಡ್ ಮೇಲೆ ಬರೆದೆ ಇದನ್ನ"
ಅಂದರು ಮೇಷ್ಟ್ರು, "ಕೆಲಸಕ್ಕೆ ಹಚ್ಚಿದ್ದು ನೋಡಿರಲಿಲ್ಲ."
ಐವತ್ತರ ನೋಟು ಇಟ್ಟು, ಚೀಲಕ್ಕೆ ಮಿಕ್ಸಿ ಇಳಿಸುತ್ತ,
ನನಗೊಬ್ಬಳಿಗೇ ಕೇಳುವಂತೆ,
"ಆ ಕೆಂಪು ಬಟನ್ ನಾನೂ ಒತ್ತಿದ್ದೆ. ನಿಲ್ಲಲಿಲ್ಲ."
"ಬಿಸಿಯಿತ್ತು ಸಾರ್. ತಣ್ಣಗಾಗೋ ತನಕ ಬಿಡಬೇಕಿತ್ತು."
"ಓ" ಅಂದರು. ಅಷ್ಟೇ. ಹೊರಟರು.
ನೋಟನ್ನು ಹಿಂದಿರುಗಿಸಬೇಕಿತ್ತೇನೋ. ಗಿರಾಕಿ ಇದ್ದರು, ಮರೆತೆ.

ಗುಂಡು ಬಲ್ಬು ಈಗ ಹಾಸನದಲ್ಲೂ ಸಿಗೋದಿಲ್ಲ.
ಎಲ್‌ಇಡಿ ಹಾಕಿದರೆ ಕೆಟ್ಟಿದ್ದಕ್ಕೂ ನೆಟ್ಟಗಿದ್ದಕ್ಕೂ
ಒಂದೇ ಬೆಳಕು, ಆಸ್ಪತ್ರೆಯದರ ಹಾಗೆ ಬಿಳಿ.
ಉಳಿದ ನಾಲ್ಕನ್ನು ಮನೆಯಲ್ಲಿ
ರಾಗಿ ಡಬ್ಬದೊಳಗೆ ಹೂತಿಟ್ಟಿದ್ದೀನಿ.
"ಸರ್ಕಾರವೇ ಇದಕ್ಕೊಂದು ಏನಾದರೂ..." ಅಂತ
ತೋಪಣ್ಣ ಶುರು ಮಾಡಿದ್ದರು ಅಷ್ಟೇ,
ಹುಬ್ಬಳ್ಳಿ ಗಾಡಿ ಬಂತು. ಗೋಡೆ ಅದುರಿತು,
ಬಲ್ಬಿನೊಳಗಿನ ತಂತಿ ಸಣ್ಣಗೆ ನಡುಗಿತು.
ಬೆಂಚಿನವರೆಲ್ಲ ಮಾತು ನಿಲ್ಲಿಸಿ
ತಲೆಯೆತ್ತಿ ಅದನ್ನೇ ನೋಡಿದರು.